ಕ್ಲಿನಿಕ್ಕಿನ ಗೋಡೆಗೊಂದು ಬಾಡಿದ ಗುಲಾಬಿ

"ನೊಣ ಯಾಕೆ ಬರೆದೆ ಅಂತ ಕೇಳ್ತಿದೀನಿ, ಅಕ್ಕ!"

ಡಾಕ್ಟರು ಸ್ಟೂಲು ಹತ್ತಿ, ರೋಗಿಗಳು ಕಾಯುವ ಕೋಣೆಯ ಗೋಡೆಯಿಂದ ಚಿತ್ರವನ್ನು ಕೆಳಗಿಳಿಸಲು ಹೆಣಗುತ್ತಿದ್ದರು. ಅದನ್ನು ಬರೆದ ಅಕ್ಕ ಕೆಳಗೆ ನಿಂತು ಚೌಕಟ್ಟನ್ನು ಮೇಲಕ್ಕೊತ್ತಿ ಹಿಡಿದಿದ್ದಳು. ಹೂದಾನಿ, ಅದರಲ್ಲಿ ಕತ್ತು ಬಾಗಿಸಿದ ಒಂಟಿ ಗುಲಾಬಿ, ಕೆಳಗೆ ಉದುರಿದ ಎಸಳು, ಎಸಳಿನ ಮೇಲೊಂದು ನೊಣ.

ಅಕ್ಕ: ನೊಣ ಅಂದ್ರೆ ಕೊಳೆಯೋದು. ಉದುರಿದ ಎಸಳು ಅಂದ್ರೆ ಕಳೆದ ಆಯಸ್ಸು. ಹೂವಿನ ಚಿತ್ರದಲ್ಲಿ ಒಂದೊಂದಕ್ಕೂ ಅರ್ಥ ಇರತ್ತೆ ಕಣೋ.

ಡಾಕ್ಟರು: ಆ ಅರ್ಥಾನ ಇಲ್ಲಿ ಕೂತೋರಿಗೆಲ್ಲ ಬಿಡಿಸಿ ಹೇಳಿದೀಯಂತೆ! ನೆಗಡಿ ಅಂತ ಬಂದ ದರ್ಜಿ, ಉಯಿಲು ಬರೆಸೋಕೆ ವಕೀಲರ ಹತ್ರ ಎದ್ದು ಹೋದ.

ಅಕ್ಕ: ನೋಡು, ಕಲೆ ಮನಸ್ಸಿಗೆ ನಾಟೋದು ಅಂದ್ರೆ ಹಾಗೆ!

ಅಷ್ಟರಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಕೇಳಲು ಬಂದ ನಿವೃತ್ತ ಮೇಷ್ಟ್ರು ಬಾಗಿಲಲ್ಲೇ ನಿಂತರು. ಗೋಡೆಯತ್ತ ಮುಖ ಮಾಡಿದ್ದ ಇಬ್ಬರೂ ಅವರನ್ನು ಗಮನಿಸಲಿಲ್ಲ.

ಡಾಕ್ಟರು: ಕತ್ತಾದ್ರೂ ನೆಟ್ಟಗೆ ಮಾಡೋಕಾಗಲ್ವಾ?

ಅಕ್ಕ: ಇನ್ನೆಲ್ಲಿ ನೆಟ್ಟಗಾಗೋದು? ಕಾಲ ಮುಗೀತು. ನಾಳೆ ಸಂಜೆ ತನಕ ತಡೆದ್ರೆ ಹೆಚ್ಚು.

ಡಾಕ್ಟರು: ಹೀಗೆ ಮುಖಕ್ಕೆ ರಾಚೋ ಹಾಗೆ ಹೇಳಿದ್ರೆ ಹೇಗೆ?

ಮೇಷ್ಟ್ರು: (ಕುರ್ಚಿಗೆ ಕುಸಿದು) ಹೇಳಿಬಿಡಿ ಡಾಕ್ಟ್ರೇ. ನಾನು ಗಟ್ಟಿ ಮನುಷ್ಯ.

ಡಾಕ್ಟರು ಸ್ಟೂಲಿನಿಂದ ಬೀಳುವುದೊಂದು ಬಾಕಿ.

ಡಾಕ್ಟರು: ಅಯ್ಯೋ, ನಿಮ್ಮ ವಿಷಯ ಅಲ್ಲ ಮೇಷ್ಟ್ರೇ! ಗುಲಾಬಿದು!

ಮೇಷ್ಟ್ರು: ಗುಲಾಬಿನೂ ಹೊರಟಳಾ? ಪಾಪ! ವಯಸ್ಸೆಷ್ಟು?

ಅಕ್ಕ: ನಾಲ್ಕು ದಿನ.

ಮೇಷ್ಟ್ರು: (ಕಣ್ಣೊರೆಸಿಕೊಂಡು) ಅಯ್ಯೋ ಕೂಸೇ! ನಂದಾದ್ರೂ ಎಪ್ಪತ್ತು ದಾಟಿದೆ.

ಡಾಕ್ಟರು: ಹೂವು ರೀ, ಹೂವು! ನಿಮಗೇನೂ ಆಗಿಲ್ಲ. ಸಕ್ಕರೆ ಸರಿ ಇದೆ, ಕೊಬ್ಬು ಸರಿ ಇದೆ.

ಮೇಷ್ಟ್ರು: ಸಾಯೋನಿಗೆ ಸಮಾಧಾನ ಹೇಳಬೇಡಿ. ಹೋಗೋ ಮುಂಚೆ ನಿಮ್ಮ ಹತ್ರ ಒಂದು ತಪ್ಪು ಒಪ್ಕೋಬೇಕು.

ಡಾಕ್ಟರು: ಯಾರ್ರೀ ಸಾಯೋರು? ಮೂರು ವರ್ಷ ನಾನು ಬರೆದುಕೊಟ್ಟ ಗುಳಿಗೆ ತಪ್ಪದೆ ನುಂಗಿದ್ರಲ್ಲ, ಅದರ ಫಲ ಇದು!

ಮೇಷ್ಟ್ರು: ಅದೇ ಡಾಕ್ಟ್ರೇ ಆ ತಪ್ಪು. ಒಂದೂ ನುಂಗಿಲ್ಲ. ಗಂಟಲಲ್ಲಿ ಇಳೀತಿರಲಿಲ್ಲ. ಎಲ್ಲಾ ಡಬ್ಬೀಲಿ ಹಾಗೇ ಇವೆ.

ಡಾಕ್ಟರ ಕೈ ಸಡಿಲವಾಯಿತು. ಚಿತ್ರ ಮತ್ತೆ ಮೊಳೆಗೆ ನೇತುಬಿತ್ತು. ಅಕ್ಕ ತಮ್ಮನ ಮುಖವನ್ನೇ ನೋಡಿದಳು.

ಅಕ್ಕ: ಹಾಗಾದ್ರೆ ನಿನ್ನ ಗುಳಿಗೆನೂ ಬರೀ ಸಂಕೇತಾನೇನೋ?