ಬೆರಳು ನೋಡುವ ಮಾವ

ನಮ್ಮ ಸೋದರಮಾವನ ಪಕ್ಕದಲ್ಲಿ ಕೂತು ನೆಮ್ಮದಿಯಾಗಿ ಒಂದು ಸಿನಿಮಾ ನೋಡಿದವರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇನೆ! ಮಾವ ಕುಡಿಯುವವರಲ್ಲ, ಬೀಡಿ ಸೇದುವವರಲ್ಲ. ಸರ್ಕಾರಿ ಕಚೇರಿಯ ಗುಮಾಸ್ತರು. ಮೇಲಧಿಕಾರಿ ಬೈದರೂ ತಲೆ ತಗ್ಗಿಸಿಕೊಂಡು ಫೈಲು ಕಟ್ಟುವಷ್ಟು ಸಾಧು. ಆದರೆ ತೆರೆಯ ಮೇಲೆ ಹೀರೋ ಕೈಗೆ ಒಂದು ಗಿಟಾರ್ ಬಂತೋ, ಮುಗಿಯಿತು. ಆ ಸಾಧುವಿನ ಹೊಟ್ಟೆಯೊಳಗಿಂದ ಇನ್ನೊಬ್ಬ ಮನುಷ್ಯ ಎದ್ದು ಬರುತ್ತಿದ್ದ.

ಕಾರಣ ಇತ್ತು ಅನ್ನಿ. ರಜೆ ದಿನಗಳಲ್ಲಿ ಮಾವ ಚಾಮರಾಜನಗರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಮದುವೆ, ಗಣೇಶನ ಪೆಂಡಾಲು, ಯಾವುದಾದರೂ ಸರಿ. ಮುಂದೆ ಮಿಣಮಿಣ ಕೋಟು ಹಾಕಿದ ಗಾಯಕ ಕುಣಿಯುತ್ತಿದ್ದ, ಹಿಂದೆ ಸ್ಪೀಕರ್ ಡಬ್ಬದ ಮರೆಯಲ್ಲಿ ಮಾವ ನಿಂತಿರುತ್ತಿದ್ದರು.

ಪಿಯುಸಿ ಓದಲು ನಾನು ಹರವೆಯಿಂದ ಗುಂಡ್ಲುಪೇಟೆಗೆ ಬಂದು ಮಾವನ ಮನೆ ಸೇರಿದ ಹೊಸತು. ಅತ್ತೆಯನ್ನೂ ನನ್ನನ್ನೂ ಸಿನಿಮಾಕ್ಕೆ ಕರೆದುಕೊಂಡು ಹೋದರು. ಹೋಗುವ ದಾರಿಯುದ್ದಕ್ಕೂ ಅತ್ತೆ ಯಾಕೆ ದೇವರಿಗೆ ಹರಕೆ ಹೊರುತ್ತಿದ್ದರು ಎಂದು ನನಗೆ ಆಗ ಗೊತ್ತಾಗಲಿಲ್ಲ. ಎರಡನೇ ಹಾಡಿನಲ್ಲಿ ಹೀರೋ ಬೆಟ್ಟದ ತುದಿಯಲ್ಲಿ ನಿಂತು ಕೆಂಪು ಎಲೆಕ್ಟ್ರಿಕ್ ಗಿಟಾರ್ ಬಾರಿಸತೊಡಗಿದ. ಮಾವ ಎದ್ದು ನಿಂತರು.

“ವಯರ್ ಎಲ್ಲೋ? ಕರೆಂಟು ಯಾರ್ ಕೊಟ್ರೋ ನಿಂಗೆ ಆ ಬೆಟ್ಟದ್ ಮ್ಯಾಲೆ?”

ಹಿಂದಿನವರು “ಕೂತ್ಕಳಯ್ಯ ಯಜಮಾನ” ಎಂದು ಕೂಗಿದರು.

“ನಾನ್ಯಾಕ್ಲಾ ಕೂತ್ಕಳ್ಳಿ? ಅವನ ಎಡಗೈ ನೋಡ್ಲಾ! ಗಿಟಾರ್ ಕತ್ತು ಹಿಡ್ಕಂಡವ್ನೋ, ಕೋಳಿ ಕತ್ತು ಹಿಡ್ಕಂಡವ್ನೋ?”

ಇಡೀ ಟಾಕೀಸು ನಕ್ಕಿತು. ಗೇಟ್‌ಕೀಪರ್ ಟಾರ್ಚ್ ಬಿಟ್ಟ. ಆ ಬೆಳಕಿನಲ್ಲಿ ಮಾವನ ಮುಖದ ಜೊತೆ ನನ್ನ ಮುಖವೂ ನನ್ನ ಕ್ಲಾಸಿನ ಗೆಳತಿಯರಿಗೆಲ್ಲ ಚೆನ್ನಾಗಿ ಕಾಣಿಸಿತು. ನಮ್ಮನ್ನು ಹೊರಗೆ ಕಳಿಸಿದರು. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಮನೆಗೆ ಬಂದು ಊಟ ಬಿಟ್ಟೆ. ಮಾವನೂ ಸಿಟ್ಟಿನಲ್ಲಿ ಊಟ ಬಿಟ್ಟರು. ಅತ್ತೆ ನಮ್ಮಿಬ್ಬರ ಮೇಲಿನ ಸಿಟ್ಟಿಗೆ ಎರಡು ಮುದ್ದೆ ಜಾಸ್ತಿ ಉಂಡರು!

ಟಾಕೀಸು ಬೇಡ, ಮನೆಯ ಟಿವಿಯೇ ಸಾಕು ಅಂದುಕೊಂಡರೆ ಅದೂ ಆಗಲಿಲ್ಲ. ಒಂದು ಭಾನುವಾರ ಭಕ್ತಿಪ್ರಧಾನ ಚಿತ್ರ. ಸಾಕ್ಷಾತ್ ಸರಸ್ವತಿ ಹಂಸದ ಮೇಲೆ ಕೂತು ವೀಣೆ ನುಡಿಸುತ್ತಿದ್ದಾಳೆ. ನಾದ ಒಂದು ಕಡೆ, ಬೆರಳು ಇನ್ನೊಂದು ಕಡೆ. ಮಾವ ಮೊದಲು ಭಕ್ತಿಯಿಂದ ಕೈ ಮುಗಿದರು. ಆಮೇಲೆ ಮುಗಿದ ಕೈ ಬಿಡದೆಯೇ ಬೈದರು: “ತಾಯೀ, ನೀನೇ ಹಿಂಗ್ ಮಾಡ್ಬುಟ್ರೆ ನಾವು ಯಾರ್ ತಾವ ಓಗನ?”

ನನಗೆ ತಡೆಯಲಾಗಲಿಲ್ಲ. “ಮಾವ, ಅದು ನಟನೆ. ಸಿನಿಮಾದ ಡಾಕ್ಟರ್ ನಿಜವಾಗ್ಲೂ ಆಪರೇಷನ್ ಮಾಡ್ತಾನಾ?” ಎಂದು ರೇಗಿದೆ.

“ಅವನು ಮೊಣಕಾಲ್ಗೆ ಸ್ಟೆತಾಸ್ಕೋಪ್ ಇಟ್ಟು ಎದೆಬಡಿತ ಕೇಳುದ್ರೆ ನಗ್ತೀಯೋ ಇಲ್ವೋ? ಅದಕ್ಕೆ ನಗ್ತೀಯ, ಇದಕ್ಕೆ ಚಪ್ಪಾಳೆ ಹೊಡಿತೀಯ. ಅಂಗಾದ್ರೆ ನಾವ್ ಮಾಡೋದು ಕೆಲ್ಸ ಅಲ್ವೇನಮ್ಮಿ?”

ಸಿಟ್ಟಿನಲ್ಲಿ ಎದ್ದು ಹೋಗಿ ಟಿವಿ ಆರಿಸಿಬಿಟ್ಟೆ.

ಆರ್ಕೆಸ್ಟ್ರಾದ ಡ್ರಮ್ ಬಾರಿಸುವವರು ಒಮ್ಮೆ ಮೈಸೂರಿನಿಂದ ಒಂದು ಇಂಗ್ಲಿಷ್ ಸಿನಿಮಾದ ಕ್ಯಾಸೆಟ್ ತಂದರು. ಪರದೇಶದ ಹೆಸರಾಂತ ರಾಕ್ ಸಂಗೀತಗಾರನೊಬ್ಬನ ಬದುಕಿನ ಕಥೆ. ಅದನ್ನು ಟಿವಿಗೆ ಹಾಕಿ ನೋಡಲು ಬಾಡಿಗೆಗೆ ವಿಸಿಪಿ ಬಂತು. ಬೈಗುಳ ಬೀದಿಗೆ ಕೇಳಬಾರದೆಂದು ಅತ್ತೆ ಕಿಟಕಿಗಳನ್ನೆಲ್ಲ ಹಾಕಿದರು. ಮಾವ ಪಂಚೆ ಎತ್ತಿ ಕಟ್ಟಿ ಟಿವಿ ಮುಂದೆ ಕುಕ್ಕರಗಾಲಲ್ಲಿ ಕೂತರು, ಇಲಿ ಬಿಲದ ಮುಂದೆ ಬೆಕ್ಕು ಕೂತ ಹಾಗೆ. ಹಾಡು ಬಂತು. ಹೋಯಿತು. ಮಾವ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಟಿವಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಇನ್ನೊಂದು ಸಲ ನೋಡಿದರು. ಒಂದೇ ಒಂದು ತಪ್ಪು ಸಿಗಲಿಲ್ಲ! ನಮಗೆಲ್ಲ ಜೀವ ಬಂದಂತಾಯಿತು. ಇನ್ನಾದರೂ ಈ ಮನುಷ್ಯ ತಣ್ಣಗಾದಾರು ಅಂದುಕೊಂಡೆವು.

ಎಲ್ಲಿಯ ತಣ್ಣಗೆ! “ನೋಡುದ್ರಾ? ಆಯ್ತದೆ! ಮನಸ್ಸು ಮಾಡುದ್ರೆ ಆಯ್ತದೆ!” ಎಂದು ಮಾವ ನೆಲಕ್ಕೆ ಗುದ್ದಿದರು. “ಆ ಬಿಳಿಯ ಕಲ್ತವ್ನೆ. ನಮ್ಮೋರಿಗೇನು ಬೆರಳಿಲ್ವಾ?” ಅಲ್ಲಿಯವರೆಗೆ ಇದ್ದ ಸಿಟ್ಟು ಅವತ್ತಿನಿಂದ ದುಪ್ಪಟ್ಟಾಯಿತು. ಡ್ರಮ್ಮಿನವರನ್ನು ಅತ್ತೆ ಆಮೇಲೆ ಬಹಳ ದಿನ ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ.

ಇಂಥ ಹೊತ್ತಿನಲ್ಲೇ ಗೋಪಾಲಸ್ವಾಮಿ ಬೆಟ್ಟದಲ್ಲಿ ಶೂಟಿಂಗ್ ಅಂತ ಸುದ್ದಿ ಬರಬೇಕೆ? ಅದೂ ಎಂಥ ಚಿತ್ರ! ಒಬ್ಬ ದೊಡ್ಡ ಗಿಟಾರ್ ವಾದಕನ ಜೀವನಕಥೆ. ಮಾವ ರಜೆ ಹಾಕಿ ಬೆಟ್ಟ ಹತ್ತಿದರು. ಏನಾದರೂ ಅನಾಹುತವಾದೀತೆಂದು ಅತ್ತೆ ನನ್ನನ್ನೂ ಹಿಂದೆ ಅಟ್ಟಿದರು. ಮಂಜಿನಲ್ಲಿ ಹೊಸ ಹೀರೋ ಒಬ್ಬ ಗಿಟಾರನ್ನು ಕೂಸಿನಂತೆ ಎತ್ತಿಕೊಂಡು ನಿಂತಿದ್ದ. ಟೇಪಿನಲ್ಲಿ ಹಾಡು ಶುರುವಾಗುತ್ತಲೇ ಮಾವ ಹಗ್ಗ ದಾಟಿ ನುಗ್ಗಿದರು.

“ನಿಲ್ಸಪ್ಪಾ! ಅಷ್ಟು ದೊಡ್ಡ ಮನುಷ್ಯನ ವೇಷ ಹಾಕಿದ್ದೀಯ. ನಾಚ್ಕೆ ಆಗಲ್ವಾ?”

ಎಲ್ಲರೂ ಓಡಿ ಬಂದರು. ನಿರ್ದೇಶಕರು ನಗುತ್ತಲೇ, “ಯಜಮಾನ್ರೇ, ಜನ ಮುಖ ನೋಡ್ತಾರೆ. ಬೆರಳು ಯಾರು ನೋಡ್ತಾರೆ?” ಅಂದರು.

“ನಾನ್ ನೋಡ್ತೀನಿ.”

“ನಿಮ್ಮೊಬ್ರಿಗೋಸ್ಕರ ಸಿನಿಮಾ ತೆಗೆಯೋಕಾಗುತ್ತಾ?”

ಮಾವ ಕಚೇರಿಯಲ್ಲಿ ತಗ್ಗಿಸುವ ಹಾಗೆ ತಲೆ ತಗ್ಗಿಸಿಬಿಟ್ಟರು. ಅಷ್ಟು ದಿನ ಅವರ ಮೇಲಿದ್ದ ನನ್ನ ಸಿಟ್ಟು ಆ ಕ್ಷಣಕ್ಕೆ ಅತ್ತ ತಿರುಗಿಬಿಟ್ಟಿತು. ಆ ನಿರ್ದೇಶಕರ ಬಿಳಿ ಟೋಪಿಯನ್ನು ಕಿತ್ತು ಕಣಿವೆಗೆ ಎಸೆಯಬೇಕು ಅನ್ನಿಸಿತು. ಅಷ್ಟರಲ್ಲಿ ಹೀರೋ ಹುಡುಗ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಸಾರ್, ನಂಗೆ ಹೇಳ್ಕೊಡ್ತೀರಾ? ಕಲೀತೀನಿ ಅಂದಾಗೆಲ್ಲ ಬೇಡ ಅಂದ್ರು ಇವ್ರು.”

ಅಲ್ಲಿಂದ ಮುಂದೆ ದಿನವೂ ಸಂಜೆ, ಗುಂಡ್ಲುಪೇಟೆಯ ಲಾಡ್ಜಿನಲ್ಲಿ ಪಾಠ. ಪಾಠ ಎನ್ನುವುದಕ್ಕಿಂತ ಬೈಗುಳದ ಸುರಿಮಳೆ. “ಲೇ, ಬೆರಳು ತಂತಿ ಮ್ಯಾಲೆ ಮಡಗೋ, ಪಾಯಸಕ್ಕೆ ಅದ್ದಬ್ಯಾಡ!” ಎಂಬ ಮಾವನ ದನಿ ಕೆಳಗಿನ ಹೋಟೆಲಿಗೆ ಕೇಳುತ್ತಿತ್ತಂತೆ. ಹುಡುಗನ ಬೆರಳ ತುದಿಯೆಲ್ಲ ಬೊಬ್ಬೆ. “ಮುಟ್ಟಿದ್ ಕಡೆ ನೋವು ಮೇಷ್ಟ್ರೇ” ಅಂದರೆ, “ನೋಯ್ಲಿ!” ಅನ್ನುವುದು. ಅತ್ತೆ ಕೊಬ್ಬರಿ ಎಣ್ಣೆ ಕೊಟ್ಟು ಕಳಿಸುತ್ತ, “ಮಗಿನಂಗವ್ನೆ ಕಣ್ರೀ, ಬೈಬ್ಯಾಡಿ” ಎಂದು ಬೇಡಿಕೊಳ್ಳುತ್ತಿದ್ದರು. ಒಂದು ಸಂಜೆ ಮಾವ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹಜಾರದಲ್ಲಿ ನಿಂತರು. “ಹುಡ್ಗ ಪೂರ್ತಿ ಹಾಡ ಕೂಡಿಸ್ಬುಟ್ಟ ಕಣೆ! ಎಲ್ಲೂ ನಿಲ್ಲುಸ್ದೆ ನುಡ್ಸ್‌ಬುಟ್ಟ!” ಎಂದು ನಕ್ಕರು. ಆಮೇಲೆ, ಹೆಂಡತಿ ಎದುರು ನಕ್ಕೆನಲ್ಲ ಎಂಬ ಸಿಟ್ಟಿಗೋ ಏನೋ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಚಿತ್ರ ನಮ್ಮೂರ ಟಾಕೀಸಿಗೆ ಬಂದ ದಿನ ಆರ್ಕೆಸ್ಟ್ರಾದವರೆಲ್ಲ ಹಾಜರ್. ಮಾವ ಇಸ್ತ್ರಿ ಅಂಗಿ ಹಾಕಿ ನನ್ನ ಪಕ್ಕ ಕೂತಿದ್ದರು. ಬೆಟ್ಟದ ಹಾಡು ಶುರುವಾಯಿತು. ಹೀರೋ ಮುಖ ತೋರಿಸಿದರು. ಹಾರುವ ಕೂದಲು ತೋರಿಸಿದರು. ಮಂಜು, ಹೂವು, ಹೀರೋಯಿನ್ನಿನ ಸೆರಗು, ಎಲ್ಲಿಂದಲೋ ಬಂದ ಒಂದು ಜಿಂಕೆ, ಎಲ್ಲವನ್ನೂ ತೋರಿಸಿದರು. ಬೆರಳು ಮಾತ್ರ ಇಲ್ಲ! ಕ್ಯಾಮೆರಾ ಎದೆಯಿಂದ ಕೆಳಕ್ಕೆ ಇಳಿಯಲೇ ಇಲ್ಲ. ಕಲಿತಿದ್ದನ್ನೆಲ್ಲ ಕತ್ತರಿಸಿ ಎಸೆದಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

“ಕೈ ತೋರ್ಸ್ರೋ! ಥೂ, ಕೈ ತೋರ್ಸ್ರೋ ನಿಮ್ಮುಖಕ್ಕಿಷ್ಟು!”

ಟಾರ್ಚ್ ನನ್ನ ಮೇಲೆ ಬಿತ್ತು. ಯಾರೋ ನನ್ನ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದರು. ನೋಡಿದರೆ ಮಾವ.

“ಕೂತ್ಕ ಕಣಮ್ಮಿ.”

“ಮೋಸ ಮಾಡ್ಬುಟ್ರು ಮಾವ! ಏನೂ ತೋರಿಸ್ಲೇ ಇಲ್ಲ!”

“ತೋರಿಸ್ತಾವ್ರೆ. ಅವನ ಎಡಭುಜ ನೋಡು.” ಮಾವನ ದನಿ ಅಷ್ಟು ಮೆತ್ತಗಿದ್ದುದನ್ನು ನಾನು ಕೇಳಿರಲಿಲ್ಲ. “ಈಗ ಕೈ ಮ್ಯಾಕ್ಕೆ ಓಯ್ತದೆ, ಭುಜ ಎದ್ದೇಳ್ತದೆ ನೋಡು... ಎದ್ದೇಳ್ತಾ? ಈಗ ಇಳೀತದೆ... ನೋಡ್ದಾ?”

ನೋಡಿದೆ. ಹಾಡು ತಿರುಗುವ ಕಡೆಯಲ್ಲೆಲ್ಲ ಆ ಹುಡುಗನ ಭುಜ ಒಂದಿಷ್ಟೇ ಏಳುತ್ತಿತ್ತು, ಇಳಿಯುತ್ತಿತ್ತು.

“ಯಾರಿಗೂ ಕಾಣ್ಸಲ್ಲ ಅಂತ ಗೊತ್ತಿದ್ರೂವೆ ನಿಜ್ವಾಗ್ಲೂ ನುಡಿಸ್ತಾವ್ನೆ ಕಣಮ್ಮಿ ನನ್ ಮಗ” ಅಂದರು ಮಾವ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಮಣಿಕಟ್ಟು ಇನ್ನೂ ಅವರ ಎಡಗೈಯಲ್ಲೇ ಇತ್ತು. ಹಾಡು ಮುಗಿಯುವವರೆಗೂ ಅವರ ಗಟ್ಟಿ ಬೆರಳುಗಳು ಅದರ ಮೇಲೆ ಹಾಡಿನ ಜೊತೆಜೊತೆಗೇ ಒಂದೊಂದಾಗಿ ಜಾಗ ಬದಲಿಸುತ್ತಲೇ ಇದ್ದವು. ಸ್ವಲ್ಪ ನೋಯುತ್ತಿತ್ತು. ನಾನು ಕೈ ಬಿಡಿಸಿಕೊಳ್ಳಲಿಲ್ಲ.