ನಾಗರತ್ನಳ ಕಾರಿಗೊಂದು ಟರ್ಬೊ

ಅಗ್ಗಕ್ಕೆ ಸಿಗುವ ವಸ್ತು ಬೇರೆ, ನಮಗೆ ಬೇಕಾದ ವಸ್ತು ಬೇರೆ ಎಂದು ತಿಳಿದವರು ಹೇಳುತ್ತಾರೆ. ನನಗೆ ಈ ವ್ಯತ್ಯಾಸ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಬೆಲೆ ಇಳಿಯುತ್ತಾ ಬಂದಂತೆ ನನ್ನ ಅಗತ್ಯ ಏರುತ್ತಾ ಹೋಗುತ್ತದೆ. ಸೈಕಲ್ಲಿನ ಮೇಲೆ ಹಳೆ ಗೋಣಿಚೀಲ ಹೇರಿಕೊಂಡು ಕನಕಪುರದ ಬೀದಿಗಳಲ್ಲಿ ಮಾರುತ್ತಿದ್ದವನು ನಾನು. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳತೊಡಗಿದಾಗ ಅವಕ್ಕೆ ಮರದ ಪ್ಯಾಕಿಂಗ್ ಪೆಟ್ಟಿಗೆ ಮಾಡಿಕೊಡುವವನಾದೆ. ಈ ಬಡ್ತಿಗೆ ಓದು ಕಾರಣವಲ್ಲ, ಚೌಕಾಸಿ ಕಾರಣ. ಆದ್ದರಿಂದ ಚೌಕಾಸಿಯ ಬಗ್ಗೆ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಹೊಟ್ಟೆ ತುಂಬ ಉಂಡು ವ್ಯಾಪಾರಕ್ಕೆ ಹೋಗಿ, ಹಸಿದವನು ಬೇಗ ಒಪ್ಪಿಕೊಳ್ಳುತ್ತಾನೆ. ಮಾರುವವನು ಬೆಲೆ ಹೇಳಿದ ಕೂಡಲೇ ಬಾಯಿ ಬಿಡಬೇಡಿ. ಆಕಾಶ ನೋಡಿ, ಮಳೆ ಬರುವ ಹಾಗಿದೆ ಅನ್ನಿ. ಅವನೇ ಗಾಬರಿಬಿದ್ದು ಒಂದಿಷ್ಟು ಇಳಿಸುತ್ತಾನೆ.

ಈ ವಿದ್ಯೆ ನಡೆಯದ ಒಂದೇ ಜಾಗ ನಮ್ಮ ಮನೆ. ನನ್ನ ಹೆಂಡತಿ ನಾಗರತ್ನ ಚಾಕಿ ಕೇಂದ್ರ ನಡೆಸುತ್ತಾಳೆ. ಅಂದರೆ ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಒಪ್ಪಿಸುವ ಕೆಲಸ. ಹುಳು ಪೊರೆ ಬಿಡುವ ಮೊದಲು ತಲೆ ಎತ್ತಿಕೊಂಡು, ಏನೂ ತಿನ್ನದೆ ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲೇ ಅವನ್ನು ಸಾಗಿಸಬೇಕು. ಜ್ವರ ಬಿಟ್ಟು ಎದ್ದರೆ ಸೊಪ್ಪು ಕೇಳುತ್ತವೆ, ಬಿಸಿಲೇರಿದರೆ ಸೊರಗುತ್ತವೆ. ಹೊಗೆಯಂತೂ ಕೂಡದು. ಬೀಡಿ ಸೇದಿದ ನೆಂಟರನ್ನು ಗೇಟಿನಾಚೆಯೇ ನಿಲ್ಲಿಸಿ ಕಾಫಿ ಕೊಟ್ಟದ್ದುಂಟು. ನಮ್ಮ ಮನೆಯಲ್ಲಿ ದೇವರಿಗೂ ಊದುಕಡ್ಡಿ ಇಲ್ಲ, ಹೂವಿನಲ್ಲೇ ಸಮಾಧಾನ ಮಾಡಿಕೊಳ್ಳಬೇಕು.

ಈ ಹುಳುಗಳಿಗೆಂದೇ ಅವಳು ತನ್ನ ಸಂಪಾದನೆಯಲ್ಲಿ ಒಂದು ಹಳೆಯ ಪುಟ್ಟ ಪೆಟ್ರೋಲ್ ಕಾರು ಕೊಂಡು, ತಾನೇ ಓಡಿಸಲು ಕಲಿತಳು. ಹಿಂದಿನ ಸೀಟು ತೆಗೆಸಿ ತಟ್ಟೆ ಜೋಡಿಸುವ ಹಲಗೆ ಹಾಕಿಸಿದಳು. ಡಿಕ್ಕಿಯಲ್ಲಿ ನಾನು ಅಗ್ಗಕ್ಕೆ ತಂದಿಟ್ಟ ಹೆಚ್ಚುವರಿ ಸ್ಟೆಪ್ನಿಗಳು ಮತ್ತು ಒಂದು ಲಾರಿ ಜಾಕು. ಮುಂದಿನ ಸೀಟಿನ ತುಂಬ ನಾನು. ನನಗೇನು ಕೆಲಸ ಅಲ್ಲಿ ಎಂದು ನೀವು ಕೇಳಬಹುದು. ಯಾವಾಗ ಯಾವ ಗೇರು ಹಾಕಬೇಕೆಂದು ಯಾರಾದರೂ ಹೇಳಬೇಕಲ್ಲ.

ತೊಂದರೆ ಶುರುವಾದದ್ದು ಉಯ್ಯಂಬಳ್ಳಿ ದಾರಿಯ ಏರಿನಲ್ಲಿ. ಅಲ್ಲಿಗೆ ಬಂದರೆ ಸಾಕು, ಕಾರು ಮೊದಲ ಗೇರಿಗಿಳಿದು ಗೊರಗೊರ ಅನ್ನುತ್ತಿತ್ತು. ಒಂದು ದಿನ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ತುಂಬಿದ ಗೂಡ್ಸ್ ಆಟೋವೊಂದು ನಮ್ಮನ್ನು ಹಿಂದೆ ಹಾಕಿತು. ಹೋಗುತ್ತಾ ಅದರ ಡ್ರೈವರ್ ತಲೆ ಹೊರಗೆ ಹಾಕಿ, “ಅಕ್ಕೋ, ಅಣ್ಣುಂಗೆ ಇಳ್ದು ಒಸಿ ತಳ್ಳಕ್ಕೇಳು!” ಎಂದು ಕೂಗಿದ. ಸೊಪ್ಪಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಆಸ್ಪತ್ರೆಗೆ ಹೊರಟವರನ್ನು ನೋಡುವಂತೆ ನಮ್ಮನ್ನು ನೋಡಿದಳು. ಅವಮಾನವನ್ನು ಹೇಗೋ ನುಂಗಬಹುದಿತ್ತು. ಆದರೆ ನಾವು ತಲುಪುವ ಹೊತ್ತಿಗೆ ಬಿಸಿಲು ಬಂದು, ಕೆಲವು ಹುಳು ಎದ್ದೇ ಬಿಟ್ಟಿದ್ದವು. ಉಯ್ಯಂಬಳ್ಳಿಯ ಮಾದೇಗೌಡರು ನಾಗರತ್ನಳ ಹಳೆಯ ಗಿರಾಕಿ. ಅವರು ಹೇಳಿದಂತೆ ಸುತ್ತಿನ ಊರವರೂ ಕೇಳುತ್ತಾರೆ. ಅವರು ತಟ್ಟೆ ನೋಡಿ, “ಮುಂದ್ಲು ಸಲನೂ ಇಂಗೇ ಆದ್ರೆ ನಾವು ಬ್ಯಾರೆ ಕಡೆ ನೋಡ್ಕತೀವಿ ಕಣವ್ವ. ಬ್ಯಾಸ್ರ ಮಾಡ್ಕಬ್ಯಾಡ” ಎಂದರು. ವಾಪಸ್ ಬರುವಾಗ ನಾನು ಗೇರಿನ ಬಗ್ಗೆ ಹೇಳಿದಾಗಲೆಲ್ಲ ಅವಳು ಖಾಲಿ ರಸ್ತೆಯಲ್ಲೂ ಹಾರನ್ ಹೊಡೆದಳು.

ಮರುದಿನವೇ ನಾನು ಮೆಕ್ಯಾನಿಕ್ ಸಿದ್ದರಾಜನ ಗ್ಯಾರೇಜಿಗೆ ಹೋದೆ. ಅವನು ಕೈ ಒರೆಸಿಕೊಂಡು, “ಟರ್ಬೊ ಎಂಜಿನ್ ಕೂರುಸ್ಬುಡಾನ ಸಾ” ಎಂದ. ನನಗೆ ಅರ್ಥವಾಗಲಿಲ್ಲವೆಂದು ಗೊತ್ತಾಗಿ ಬಿಡಿಸಿ ಹೇಳಿದ: “ಎಂಜಿನ್ನು ಹೊಗೆ ಉಗೀತೈತಲ್ಲ, ಅದು ಸುಮ್ನೆ ಗಾಳಿಗೋಯ್ತೈತೆ. ಟರ್ಬೊ ಅಂದ್ರೆ ಒಂದು ಸಣ್ಣ ಫ್ಯಾನು. ಆ ಹೊಗೆ ಫ್ಯಾನ್ ತಿರುಗುಸ್ತೈತೆ, ಫ್ಯಾನು ಇನ್ನೊಸಿ ಗಾಳಿನ ಎಂಜಿನ್ ಒಳೀಕೆ ತುರುಕ್ತೈತೆ. ಗಾಳಿ ಜಾಸ್ತಿ, ಬೆಂಕಿ ಜಾಸ್ತಿ, ಓಟ ಜಾಸ್ತಿ.”

“ಹೊಗೆಗೆ ಬೇರೆ ಸಂಬಳ ಕೊಡಬೇಕಾಗಿಲ್ಲ ತಾನೆ?” ಎಂದೆ.

“ಪುಕ್ಸಟ್ಟೆ ಸಾ.”

ಆ ಮಾತಿಗೆ ನಾನು ಸೋತೆ. ಬಿಸಾಡುವ ಹೊಗೆಯನ್ನೇ ಹಿಡಿದು ದುಡಿಸಿಕೊಳ್ಳುವ ಯಂತ್ರ! ಇದನ್ನು ಕಂಡುಹಿಡಿದವನು ಖಂಡಿತ ನಮ್ಮ ಕಡೆಯವನೇ ಇರಬೇಕು ಅನ್ನಿಸಿತು. ನಮ್ಮ ಪುಟ್ಟ ಕಾರಿಗೆ ಅದು ಹಿಡಿಯುತ್ತದೆಯೇ ಎಂದು ಕೇಳಿದೆ. “ಹಿಡೀತೈತೆ ಸಾ. ಒಸಿ ಕಟಿಂಗ್ ಮಾಡ್ಬೇಕು” ಎಂದ.

ಎಂಜಿನ್ ಸಿಕ್ಕಿದ್ದು ಚನ್ನಪಟ್ಟಣದ ಬಳಿ ಹೆದ್ದಾರಿ ಬದಿಯ ಗುಜರಿಯಲ್ಲಿ. ಅದರ ಯಜಮಾನರು ವಿರೂಪಾಕ್ಷಿಪುರ ಕಡೆಯ ಚನ್ನೇಗೌಡರು. ಹೆದ್ದಾರಿ ಅಗಲವಾದ ಮೇಲೆ ಅವರು ಆ ಹೊಲದಲ್ಲಿ ರಾಗಿ ಬಿಟ್ಟು ಆಕ್ಸಿಡೆಂಟ್ ಕಾರು ಬೆಳೆಯುತ್ತಿದ್ದರು. ಬೆಳೆ ಚೆನ್ನಾಗಿಯೇ ಇತ್ತು. ಹಿಂಭಾಗ ಪೂರ್ತಿ ಜಜ್ಜಿಹೋಗಿ ಮುಂಭಾಗ ಮಾತ್ರ ಉಳಿದಿದ್ದ ಒಂದು ಡೀಸೆಲ್ ಕಾರಿನ ಮುಂದೆ ಸಿದ್ದರಾಜ ಭಕ್ತಿಯಿಂದ ನಿಂತ. ಎಂಜಿನ್ ಶುರು ಮಾಡಿಸಿದೆವು. ನಾನು ಕಣ್ಣು ಮುಚ್ಚಿ, ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವರ ಹಾಗೆ ಕಿವಿಗೊಟ್ಟು ಕೇಳಿದೆ. ನನಗೆ ಏನೂ ತಿಳಿಯಲಿಲ್ಲ. ಆದರೆ ಮಾರುವವನ ಎದುರು ಹಾಗೆ ಕೇಳಬೇಕು, ಕೇಳಿ ತಲೆ ಅಲ್ಲಾಡಿಸಬೇಕು. ಚನ್ನೇಗೌಡರು ಬೆಲೆ ಹೇಳಿದರು. ನಾನು ಆಕಾಶ ನೋಡಿದೆ. ಅವರೂ ಆಕಾಶ ನೋಡಿದರು. ಸರಿಜೋಡಿ ಸಿಕ್ಕಿದ್ದಾರೆ ಎಂದು ನನಗೆ ಖುಷಿಯೇ ಆಯಿತು. ಕೊನೆಗೆ, “ಸನಿವಾರ ಬೆಳಿಗ್ಗೆ ಟೆಂಪೋಲಿ ಹಾಕ್ಕೊಂಡು ನಿಮ್ ಮನೆ ತಾವ್ಕೇ ಬತ್ತೀನಿ. ಮಿಕ್ಕಿದ್ ಮಾತು ಅಲ್ಲೇ ಆಡಾನ” ಎಂದರು.

ಮುಂದಿನ ದಿನಗಳು ಪ್ಲಾನಿಂಗಿನವು. ಸಿದ್ದರಾಜ ನಾಗರತ್ನಳ ಕಾರನ್ನು ‘ಬರೀ ಅಳತೆಗೆ’ ಎಂದು ಗ್ಯಾರೇಜಿಗೆ ತರಿಸಿಕೊಂಡು, ಬಾನೆಟ್ ಬಿಚ್ಚಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದ. ಈ ಎಂಜಿನ್ ಹಳೆಯದಕ್ಕಿಂತ ಭಾರ, ಮೂತಿ ಕುಸಿಯುತ್ತದೆ. ಅದಕ್ಕೆ ಜೀಪಿನ ಸ್ಪ್ರಿಂಗು. ಗೇರ್‌ಬಾಕ್ಸ್ ಅಗಲ, ಅದಕ್ಕೆ ಪಕ್ಕದ ಪಟ್ಟಿ ಒಸಿ ಕಟಿಂಗ್. ದೊಡ್ಡ ರೇಡಿಯೇಟರ್ ಬೇಕು. ಬಂಪರ್ ಒಸಿ ಕಟಿಂಗ್. ಬಾನೆಟ್ ಮುಚ್ಚುವುದಿಲ್ಲ, ನಡುವೆ ಒಸಿ ಕಟಿಂಗ್. ಬ್ಯಾಟರಿಗೆ ಜಾಗವಿಲ್ಲ; ಅದು ಹಿಂದೆ ಹುಳುವಿನ ಹಲಗೆಯ ಮೇಲೆ. ಇಷ್ಟು ದೊಡ್ಡ ಎಂಜಿನ್ನಿನ ಬಿಸಿಗಾಳಿ ಎಲ್ಲಿಗೆ ಹೋಗುತ್ತದೆ ಎಂದೆ. “ಒಳೀಕೇ ಬತ್ತೈತೆ ಸಾ. ಚಳಿಗಾಲ್ದಲ್ಲಿ ಬೆಚ್ಚುಗಿರ್ತೈತೆ” ಎಂದ. ಇಲ್ಲ ಎಂಬ ಶಬ್ದ ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಅಂಥವರ ಮಾತು ಕೇಳಲು ಬಹಳ ಹಿತ. ನಿಮಗೊಂದು ಕಿವಿಮಾತು: ಎಲ್ಲದಕ್ಕೂ ಆಗುತ್ತದೆ ಎನ್ನುವ ಮೆಕ್ಯಾನಿಕ್ ಸಿಕ್ಕರೆ ಚಹಾ ಕುಡಿಸಿ, ಕಾರು ಕೊಡಬೇಡಿ. ನಾನು ಎರಡನ್ನೂ ಕೊಟ್ಟಿದ್ದೆ.

ಅಷ್ಟರಲ್ಲಿ ಗ್ಯಾರೇಜಿಗೆ ನಾಗರತ್ನ ಬಂದಳು. ತನ್ನ ಕಾರಿನ ಸುತ್ತ ಒಂದು ಸುತ್ತು ಬಂದು, “ಇದೇನ್ಲಾ ಸಿದ್ರಾಜ, ಸುಣ್ಣದ್ ಗೆರೆ? ಹೊಲ ಪಾಲ್ ಮಾಡ್ತಿದ್ದೀಯಾ?” ಎಂದಳು.

“ಒಸಿ ಕಟಿಂಗ್ ಅಕ್ಕಾ.”

“ಎಷ್ಟ್ ಒಸಿ?”

ಸಿದ್ದರಾಜ ಬಂಪರಿನಿಂದ ಶುರು ಮಾಡಿ ಬೆರಳು ತೋರಿಸುತ್ತಾ ಹೋದ. ಮುಂದಿನ ಗಾಜಿನ ಹತ್ತಿರ ಬಂದಾಗ ಅವಳ ಮುಖ ನೋಡಿ ನಿಲ್ಲಿಸಿದ.

ಅವಳು ನನ್ನ ಕಡೆ ತಿರುಗಿದಳು. “ನೋಡ್ರಿ, ಶನಿವಾರ ಹೊತ್ತಾರೆ ಹುಳ ಉಯ್ಯಂಬಳ್ಳಿಲಿರ್ಬೇಕು. ಅಷ್ಟೊತ್ಗೆ ಕಾರು ಮೊದ್ಲಿದ್ದಂಗೇ ನಮ್ಮನೆ ಮುಂದೆ ನಿಂತಿರ್ಬೇಕು. ಈ ಸಲನೂ ಆ ಏರಲ್ಲಿ ತಡವಾದ್ರೆ ನೀವುಂಟು, ಕಾರುಂಟು. ಕುಯ್ಕಳಿ, ಕೊಚ್ಕಳಿ, ಸಾರು ಮಾಡ್ಕಂಡು ಉಣ್ಣಿ. ಹೊತ್ತಿಗ್ ಸರ್ಯಾಗಿ ಹೋದ್ರೆ ಮಾತ್ರ ನನ್ ಕಾರು ಮುಟ್ಕೂಡ್ದು.”

ನಾನು ತಕ್ಷಣ ಒಪ್ಪಿದೆ. ಆ ಕಾರು ಆ ಏರನ್ನು ಹೊತ್ತಿಗೆ ಸರಿಯಾಗಿ ಹತ್ತುವ ಮಾತೇ ಇರಲಿಲ್ಲ. ಅವಳ ಗಿರಾಕಿ ಕೈತಪ್ಪಲಿ ಎಂದು ನಾನು ಬಯಸಿದೆನೆಂದು ದಯವಿಟ್ಟು ತಿಳಿಯಬೇಡಿ. ಅಂಥ ಎಂಜಿನ್ ಅಷ್ಟು ಅಗ್ಗಕ್ಕೆ ಮತ್ತೆ ಸಿಗುವುದಿಲ್ಲ ಎಂಬುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು.

ಶನಿವಾರ ಬೆಳಕು ಹರಿಯುವ ಮೊದಲೇ ಚನ್ನೇಗೌಡರ ಟೆಂಪೋ ನಮ್ಮ ಗೇಟಿನ ಮುಂದೆ ನಿಂತಿತು. ಎಂಜಿನ್ ಇಳಿಸಿಕೊಳ್ಳಲು ಸಿದ್ದರಾಜನೂ ಬಂದ. ಅತ್ತ ನಾಗರತ್ನ ಕಾರಿಗೆ ತಟ್ಟೆ ತುಂಬಿ ಹಾರನ್ ಹೊಡೆದಳು. ನಾನು ಒಂದು ನಿಮಿಷ ಎಂದು ಬೆರಳು ತೋರಿಸಿದೆ. ವ್ಯಾಪಾರ ಕುದಿಯುವ ಹೊತ್ತಿನಲ್ಲಿ ಎದ್ದು ಹೋಗಲಾದೀತೆ? ಅವಳು ಇನ್ನೊಮ್ಮೆ ಹಾರನ್ ಹೊಡೆದಳು. ಆಮೇಲೆ ಇಳಿದು ಬಂದು, ಡಿಕ್ಕಿಯಲ್ಲಿದ್ದ ನನ್ನ ಸ್ಟೆಪ್ನಿಗಳನ್ನೂ ಲಾರಿ ಜಾಕನ್ನೂ ಎತ್ತಿ ಜಗಲಿಯ ಮೇಲೆ ಕುಕ್ಕಿ, ಮಿಕ್ಕಿದ್ದ ತಟ್ಟೆಗಳನ್ನು ಅಲ್ಲಿಟ್ಟುಕೊಂಡು ಹೊರಟೇಬಿಟ್ಟಳು. ಗೇರು ಹೇಳಲು ಪಕ್ಕದಲ್ಲಿ ಯಾರೂ ಇಲ್ಲ. ಪಾಪ, ಏರಿನಲ್ಲಿ ಏನು ಮಾಡುತ್ತಾಳೋ ಎಂದು ನನಗೆ ನಿಜವಾಗಿಯೂ ಕಳವಳವಾಯಿತು.

ಚನ್ನೇಗೌಡರೂ ನಾನೂ ಜಗಲಿಯ ಮೇಲೆ ಕೂತು ಆಕಾಶ ನೋಡಿದೆವು. ನೋಡಿ ನೋಡಿ, ಟೆಂಪೋ ಡ್ರೈವರ್ ಕೂಡ ತಲೆ ಎತ್ತಿ, “ಏನಾರ ಬತ್ತೈತಾ ಗೌಡ್ರೇ?” ಎಂದು ಕೇಳಿದ. ತಿಂಡಿಯಾಯಿತು. ಇನ್ನೊಂದು ಸುತ್ತು ಕಾಫಿಯಾಯಿತು. ಅವರು ಇಳಿದರು, ನಾನು ಏರಿದೆ. ಇನ್ನೇನು ಕೈ ಕುಲುಕಬೇಕು, ಗೇಟಿನ ಹತ್ತಿರ ಹಾರನ್ ಕೇಳಿಸಿತು.

“ಅರ್ಧ ದಾರೀಲೇ ವಾಪಸ್ ಬಂದ್ಯಾ?” ಎಂದು ಎದ್ದೆ.

“ಹುಳ ಒಪ್ಸಿ ಬಂದೆ” ಎಂದು ನಾಗರತ್ನ ಖಾಲಿ ತಟ್ಟೆ ಇಳಿಸತೊಡಗಿದಳು. “ಮಾದೇಗೌಡ್ರು ಇನ್ನೂ ಹಲ್ಲುಜ್ಜುತಿದ್ರು. ಒಂದ್ ಹುಳನೂ ಎದ್ದಿರ್ಲಿಲ್ಲ. ಮುಂದ್ಲು ಬೆಳೆಗೂ ನಮ್ಮತ್ರನೇ ಅಂದ್ರು. ಕಾಪಿನೂ ಕುಡ್ದೆ.”

“ಮತ್ತೆ ಏರು?”

“ಯಾವ್ ಏರು? ಓ, ಅದಾ! ಥರ್ಡ್ ಗೇರಲ್ಲೇ ಹೋಯ್ತು. ಸೊಪ್ಪಿನ್ ಆಟೋದೋನು ಅಡ್ಡ ಬಂದಿದ್ದ. ದಾರಿ ಬುಡಪ್ಪಾ ಅಂತ ಹಾರನ್ ಹೊಡ್ದೆ.”

ಸಿದ್ದರಾಜ ಕಾರನ್ನು ನೋಡಿದ, ಜಗಲಿಯ ಮೇಲಿದ್ದ ಜಾಕು, ಸ್ಟೆಪ್ನಿಗಳನ್ನು ನೋಡಿದ. ಆಮೇಲೆ ಎಂಜಿನ್ ಅಳೆದ ಹಾಗೇ ನನ್ನನ್ನು ಕಾಲಿನಿಂದ ಮೇಲಕ್ಕೆ ನಿಧಾನವಾಗಿ ನೋಡುತ್ತಾ ಬಂದ. ಲೆಕ್ಕದಲ್ಲಿ ಚನ್ನೇಗೌಡರು ಅವನಿಗಿಂತ ಚುರುಕು. ನನ್ನ ಹೊಟ್ಟೆಯ ಕಡೆ ಗದ್ದ ತೋರಿಸಿ, “ಲೇ ಸಿದ್ರಾಜ, ಒಸಿ ಕಟಿಂಗ್ ಮಾಡ್ಬೇಕಾಗಿದ್ದು ಇಲ್ಲಿ ಕಣ್ಲಾ!” ಎಂದರು. ಟೆಂಪೋ ಡ್ರೈವರ್ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಅವನ ಪರಿಚಯ ನನಗೆ ಆ ದಿನದ್ದೇ.

ಎಂಜಿನ್ ಬಂದ ಟೆಂಪೋದಲ್ಲೇ ಹೊರಟಿತು. ಹೋಗುವಾಗ ಚನ್ನೇಗೌಡರು, ಮತ್ತೆ ಹೊತ್ತುಕೊಂಡು ಹೋಗುವ ಬೇಸರಕ್ಕೋ ಏನೋ, “ಅರ್ಧಕ್ಕೆ ತಕತೀರಾ ಸಾಮಿ?” ಎಂದರು. ಅರ್ಧಕ್ಕೆ! ನನ್ನ ಬಾಯಿ ತೆರೆದಿತ್ತು. ನಾಗರತ್ನ ನನ್ನ ಕಡೆ ನೋಡಿದಳು. ನಾನು ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿಕೊಂಡೆ.

ಈಗ ಹುಳು ಒಪ್ಪಿಸುವ ದಿನ ನಾನು ಮೊದಲ ಬಸ್ಸಿಗೆ ಉಯ್ಯಂಬಳ್ಳಿಗೆ ಹೋಗುತ್ತೇನೆ. ತಟ್ಟೆ ಇಳಿಸುವವರಿಗೆ ಎರಡು ಮಾತು ಹೇಳಲು ಒಬ್ಬರಾದರೂ ಬೇಕು. ಮೊನ್ನೆ ಅದೇ ಏರಿನಲ್ಲಿ ಬಸ್ಸೂ ಏದುಸಿರು ಬಿಡತೊಡಗಿತು. ಡ್ರೈವರಿನ ಹಿಂದೆಯೇ ಕೂತಿದ್ದ ನಾನು ಮುಂದಕ್ಕೆ ಬಾಗಿ, ಹೊಗೆಯಿಂದ ತಿರುಗುವ ಫ್ಯಾನಿನ ವಿಚಾರವನ್ನೂ, ಅದರಿಂದ ಪುಕ್ಕಟೆ ಸಿಗುವ ಶಕ್ತಿಯನ್ನೂ, ಅಗ್ಗಕ್ಕೆ ಕೊಡುವ ಗುಜರಿಯ ದಾರಿಯನ್ನೂ ವಿವರವಾಗಿ ತಿಳಿಸಿದೆ. ಆ ಪುಣ್ಯಾತ್ಮ ಪೂರ್ತಿ ಕೇಳಿಸಿಕೊಂಡ.

“ಇದ್ರಲ್ಲಿ ಟರ್ಬೊ ಆಗ್ಲೇ ಐತೆ ಸಾ” ಎಂದ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ಪೂರ್ತಿಯಾಗಿ ನೋಡಿ, ಗೇರು ಇಳಿಸಿದ.