ಬ್ರೇಕಿನೊಳಗೆ ಹೊಕ್ಕ ಗಾಳಿ

ದುಂಡಪ್ಪ ಮತ್ತು ಮಾಯಕ್ಕನ ಕಥೆ ಹೇಳಲೇಬೇಕು. ಗಂಡ ಹೆಂಡತಿ ಜಗಳವಾಡಿ ಮಾತು ಬಿಡುವುದು ಯಾವ ಊರಲ್ಲಿಲ್ಲ? ಆದರೆ ಮಾತು ಬಿಟ್ಟುಕೊಂಡೇ ಇಬ್ಬರೂ ಸೇರಿ ಕಾರಿನ ಬ್ರೇಕ್ ರಿಪೇರಿಗೆ ಕುಳಿತವರು ಬೆಳಗಾವಿಯಿಂದ ಖಾನಾಪುರದ ತನಕ ಹುಡುಕಿದರೂ ಇವರಿಬ್ಬರೇ.

ಜಗಳ ಹುಟ್ಟಿದ್ದೂ ಬ್ರೇಕಿನಿಂದಲೇ. ದುಂಡಪ್ಪ ಫೌಂಡ್ರಿಯಲ್ಲಿ ದುಡಿಯುವವನು. ಹಿಂದಿನ ಚಕ್ರದ ಬ್ರೇಕ್ ಪೈಪನ್ನು ತಾನೇ ಬದಲಿಸಿದ. "ಕಬ್ಬಿಣ ಕರಗಸಾಂವ ನಾ. ಇದೊಂದು ಪೈಪಿಗೆ ಮೆಕ್ಯಾನಿಕ್ ಬೇಕೇನು?" ಎಂದು ಪೀರನವಾಡಿಯ ಓಣಿಗೆಲ್ಲ ಕೇಳುವಂತೆ ಹೇಳಿದ. ಪೈಪು ಕೂತಿತು. ಅದರೊಳಗೆ ಗಾಳಿಯೂ ಕೂತಿತು. ಪೆಡಲ್ ಎರಡೆರಡು ಸಲ ಒತ್ತಿದರೆ ಮಾತ್ರ ಕಾರು ನಿಲ್ಲುತ್ತಿತ್ತು. "ಹೊಸಾದು, ಹೊಂದಕೋತೈತಿ," ಅಂದ.

ಹೊಂದಿಕೊಳ್ಳಲಿಲ್ಲ. ಭಾನುವಾರ ಪಾರಿಶ್ವಾಡದಿಂದ ಬರುವಾಗ ತಿರುವಿನಲ್ಲಿ ಪೆಡಲ್ ಒತ್ತಿದರೆ, ಅದು ಬೆಂದ ಬದನೆಕಾಯಿಯಂತೆ ಮೆತ್ತಗೆ ತಳಕ್ಕಿಳಿಯಿತು. ಕಾರು ಯಾರದೋ ಬಣವೆಗೆ ಮೂತಿ ತೂರಿಸಿ ನಿಂತಿತು. ದುಂಡಪ್ಪ ತಲೆಯ ಮೇಲಿನ ಹುಲ್ಲು ಕೊಡವುತ್ತ ಹೆಂಡತಿಯತ್ತ ತಿರುಗಿದ.

"ನೀ ಒಂದೇ ಸವನ ಮಾತಾಡಿದ್ದಕ್ಕ ಹಿಂಗಾತು."

"ಹಂಗಾದ್ರ ಇನ್ನ ನಿಮ್ಮ ಜೋಡಿ ಮಾತಾಡೂದಿಲ್ಲ," ಅಂದಳು ಮಾಯಕ್ಕ. ಅಂದಂತೆ ನಡೆಯುವ ಹೆಂಗಸು.

ಅಂದಿನಿಂದ ದುಂಡಪ್ಪನ ತಾಯಿ ಬಸವಣ್ಣೆವ್ವನೇ ಆ ಮನೆಯ ಪೋಸ್ಟಾಫೀಸು. "ಅತ್ತಿ, ರೊಟ್ಟಿ ಬೇಕೇನು ಕೇಳ್ರಿ." "ಅವ್ವಾ, ಬ್ಯಾಡ ಅನ್ನು." ಇಬ್ಬರೂ ಇರುವುದು ಒಂದೇ ಅಡುಗೆಮನೆಯಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ.

ಹೀಗಿರುವಾಗ ಗುಂಜಿಯಲ್ಲಿ ಮಾಯಕ್ಕನ ತಂಗಿ ಮೇಘಾಳ ಕುಬಸ ಬಂತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಬೇಕಾದವಳು ಅಕ್ಕ. ಮಧ್ಯಾಹ್ನದೊಳಗೆ ಮುಟ್ಟಲೇಬೇಕು. ಮಾಯಕ್ಕ ಮುಂಜಾನೆಯ ರೈಲಿಗೆ ಚೀಲ ಹಿಡಿದು ನಿಂತಳು. ದುಂಡಪ್ಪ ಬಾಗಿಲಿಗೆ ಅಡ್ಡ ನಿಂತ.

"ಅವ್ವಾ, ಆಕಿಗಿ ಹೇಳು. ಮನ್ಯಾಗ ಕಾರ್ ಇಟಗೊಂಡು ಹೇಂತಿನ್ನ ರೈಲಿಗಿ ಕಳಿಸಿದ್ರ ಬೀಗರ ಮುಂದ ನನ್ನ ಮಾರಿ ಉಳಿತೈತೇನು? ಬ್ರೇಕಿನ್ಯಾಗಿನ ಗಾಳಿ ತೆಗಿಯೂದು ಅರ್ಧಾ ತಾಸಿನ ಕೆಲಸ."

ರೈಲು ಹೋಯಿತು. ಕೆಲಸ ಶುರುವಾಯಿತು.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದಿರುವ ಸಣ್ಣ ನಟ್ಟು ಸಡಿಲಿಸಬೇಕು. ಬ್ರೇಕ್ ಆಯಿಲ್ ಜೊತೆ ಗಾಳಿ ಹೊರಬರುತ್ತದೆ, ಪೆಡಲ್ ತಳ ಮುಟ್ಟುತ್ತದೆ. ನಟ್ಟು ಮತ್ತೆ ಬಿಗಿಯುವ ತನಕ ಕಾಲೆತ್ತಬಾರದು. ಎತ್ತಿದರೆ ಹೋದ ಗಾಳಿ ಹೋದ ದಾರಿಯಲ್ಲೇ ವಾಪಸು. ಮಾಯಕ್ಕ ಕಾರಿನೊಳಗೆ ಕೂತಳು, ದುಂಡಪ್ಪ ಚಕ್ರದ ಬುಡದಲ್ಲಿ ಮಲಗಿದ. ಬಸವಣ್ಣೆವ್ವ ನಡುವೆ ಕುರ್ಚಿ ಹಾಕಿಕೊಂಡಳು.

"ಅವ್ವಾ, ಒತ್ತ ಅನ್ನು."

"ಮಾಯವ್ವಾ, ಒತ್ತಬೇಕಂತ ನೋಡು. ಸಾವಕಾಶ ಒತ್ತು, ಕಾಲ್ ನೋಯಿಸ್ಕೋಬ್ಯಾಡ."

"ಒತ್ತೇನಿ ಅಂತ ಹೇಳ್ರಿ, ಅತ್ತಿ."

"ಒತ್ಯಾಳಪಾ. ಪಾಪ, ಮುಂಜಾನಿಂದ ಏನೂ ತಿಂದಿಲ್ಲ."

ದುಂಡಪ್ಪ ನಟ್ಟಿಗೆ ಪಾನಾ ಹಾಕಿ ತಿರುಗಿಸಿದ. ಆಯಿಲ್ ಬುಳುಬುಳು ಬಂತು. "ಹಂಗ ಹಿಡಿ ಅನ್ನು."

"ತಡಿಯೋ, ಹೇಳತೇನಿ. ಮಾಯವ್ವಾ, ನಮ್ಮ ಕಾಲಕ್ಕ ಚಕ್ಕಡಿಗಿ ಈ ಪೆಡಲಾ ಗಿಡಲಾ ಇರಲಿಲ್ಲ. ಮೂಗುದಾಣ ಜಗ್ಗಿದ್ರ ಎತ್ತು ನಿಂತವು. ಈಗ ನೋಡು, ಹಿಡೀಬೇಕಂತ."

ಅಷ್ಟರಲ್ಲಿ ಮಾಯಕ್ಕ ಕಾಲೆತ್ತಿಯಾಗಿತ್ತು. ಪೈಪು ಸೊರ್ರೆಂದು ಗಾಳಿ ಹೀರಿತು.

"ಯಾಕ ಬಿಟ್ಟಳಂತ ಕೇಳು."

"ಹಿಡಿ ಅಂತ ನನಗ ಯಾರೂ ಹೇಳಿರಲಿಲ್ಲಂತ ಹೇಳ್ರಿ."

"ಒದರಿದ್ದು ಕಿವಿಗಿ ಬೀಳಲಿಲ್ಲೇನಂತ ಕೇಳು."

"ಬಿತ್ತು. ಅದು ನಿಮಗ ಒದರಿದ್ದು, ನನಗಲ್ಲಂತ ಹೇಳ್ರಿ, ಅತ್ತಿ."

ಮತ್ತೆ ಒತ್ತಿದರು, ಮತ್ತೆ ಮೂಗುದಾಣ ಬಂತು, ಮತ್ತೆ ಗಾಳಿ ಹೊಕ್ಕಿತು. ಬಿಸಿಲೇರಿತು. ಬದನೆಕಾಯಿಯಂತಿದ್ದ ಪೆಡಲ್ ಈಗ ಗಂಜಿಯಂತಾಯಿತು. ಗುಂಜಿಯಿಂದ ಮಾಯಕ್ಕನ ತಾಯಿಯ ಫೋನು: "ಎಲ್ಲಿದ್ದೀವಾ? ನೀ ಬರದಿದ್ರ ಉಡಿ ತುಂಬಾಕ ನಿಮ್ಮ ಕಾಕೂನ್ನ ಕುಂದರಸ್ತೇನಿ." ಮಾಯಕ್ಕ ಫೋನನ್ನು ಸೀಟಿನ ಮೇಲೆ ಒಗೆದಳು. ಕಣ್ಣು ತುಂಬಿ ಬಂದದ್ದು ದುಂಡಪ್ಪನಿಗೆ ಕಂಡಿತು. ಅವನ ಸಿಟ್ಟು ತಪ್ಪು ಕಡೆಗೆ ಹಾರಿತು.

"ಸಾಕು ಮಾಡವ್ವಾ ನಿನ್ನ ಪುರಾಣ. ಈ ಪೈಪಿನ್ಯಾಗ ಹೊಕ್ಕ ಗಾಳಿ ಎಲ್ಲಾ ನಿನ್ನ ಬಾಯಾಗಿಂದು."

ಬಸವಣ್ಣೆವ್ವ ಎದ್ದಳು. ಕುರ್ಚಿಯನ್ನೂ ಎತ್ತಿಕೊಂಡು ಒಳಗೆ ಹೋದಳು. ಈಗ ಇಬ್ಬರ ನಡುವೆ ಬಿಸಿಲು ಬಿಟ್ಟರೆ ಯಾರೂ ಇಲ್ಲ. ದುಂಡಪ್ಪ ಕೆಮ್ಮಿದ. ಪಾನಾದಿಂದ ನೆಲ ಕುಟ್ಟಿದ.

"ಒತ್ತಲೋ ಬ್ಯಾಡೋ?" ಮಾಯಕ್ಕ ಒಳಗಿನಿಂದ ಗದರಿದಳು.

"ಒತ್ತು."

"ಒತ್ತೇನಿ."

"ಹಿಡಿ."

"ಹಿಡದೇನಿ. ಮದುವ್ಯಾದಾಗಿಂದ ಬಾಯಿ ಹಿಡದೇನಿ, ಇದ್ಯಾವ ದೊಡ್ಡದು."

"ಬಿಡು."

"ಬಿಟ್ಟೆ. ತವರು ಬಿಡಸೂದೊಂದು ಉಳದಿತ್ತು, ಅದನ್ನೂ ಬಿಡಸಾಕ ನಿಂತೀರಿ."

ಒಂದೊಂದು ಒತ್ತಿಗೂ ಒಂದೊಂದು ಬೈಗುಳ. ಆದರೆ ಬೈಗುಳ ಸರಿಯಾದ ಹೊತ್ತಿಗೆ ಬಂದು ಮುಟ್ಟುತ್ತಿತ್ತು. ಗಾಳಿಯ ಗುಳ್ಳೆಗಳು ನಿಂತವು. ಬರೀ ಆಯಿಲ್ ಬಂತು. ಪೆಡಲ್ ಕಲ್ಲಿನಂತಾಯಿತು. ಓಣಿಯಲ್ಲಿ ಕಾರನ್ನು ಓಡಿಸಿ, ನಿಲ್ಲಿಸಿ ನೋಡಿದ್ದೂ ಮಾಯಕ್ಕನೇ. ಲೈಸನ್ಸ್ ಅವಳಿಗೂ ಇತ್ತು. ಕಾರು ಮಾತ್ರ ಕೈಗೆ ಸಿಕ್ಕಿರಲಿಲ್ಲ.

ದುಂಡಪ್ಪ ಕೈ ಒರೆಸಿಕೊಂಡು ಬಂದ. "ಇಳಿ, ನಾ ಹೊಡಿತೇನಿ."

"ಅತ್ತಿ ಮುಂದ ಕುಂದರ್ತಾರ. ನೀವು ಹಿಂದ ಕುಂದರ್ರಿ."

"ಯಾಕ?"

"ಇದು ನನ್ನ ಕಾಲಿನ ಮಾತ ಕೇಳಾಕ ಕಲ್ತೈತಿ. ನೀವು ತುಳದು ಕೆಡಸಬ್ಯಾಡ್ರಿ."

ಖಾನಾಪುರ ದಾಟಿದ ಮೇಲೆ ರಸ್ತೆಗೆ ಎಮ್ಮೆ ಅಡ್ಡ ಬಂತು. ಮಾಯಕ್ಕ ಒತ್ತಿದಳು. ಕಾರು ಗಕ್ಕನೆ ನಿಂತಿತು. ದುಂಡಪ್ಪನ ಮೂಗು ಮುಂದಿನ ಸೀಟಿಗೆ ಬಡಿಯಿತು. ನೋವಿನಲ್ಲೂ ಅವನಿಗೆ ಹೆಮ್ಮೆ. "ಅವ್ವಾ, ಬ್ರೇಕ್ ಹೆಂಗ ಹಿಡೀತು ನೋಡಿದಿ?"

ಬಸವಣ್ಣೆವ್ವ ಹಿಂದೆ ತಿರುಗಲಿಲ್ಲ.

"ಮಾಯವ್ವಾ, ನಿನ್ನ ಗಂಡಗ ಹೇಳು, ನನ್ನ ಜೋಡಿ ಮಾತಾಡಬ್ಯಾಡ ಅಂತ."

ಉಡಿಯನ್ನು ಅಕ್ಕನೇ ತುಂಬಿದಳು, ಹೊತ್ತಿಗೆ ಸರಿಯಾಗಿ. ಆದರೆ ಬಸವಣ್ಣೆವ್ವ ಇನ್ನೂ ಮಗನೊಡನೆ ಮಾತು ಬಿಟ್ಟಿದ್ದಾಳೆ. ನೀವು ಪೀರನವಾಡಿ ಕಡೆ ಹೋದರೆ ಅವರ ಮನೆಗೆ ತಪ್ಪದೇ ಹೋಗಿ ಭೇಟಿಯಾಗಿ. ಚಹಾ ಕೊಡುತ್ತಾರೆ. ನಡುವೆ ಒಂದು ಕುರ್ಚಿ ಖಾಲಿ ಇರುತ್ತದೆ, ಅಲ್ಲೇ ಕೂರಿ. ತಾಯಿಗೆ ಮಾತು ಮುಟ್ಟಿಸಲು ದುಂಡಪ್ಪನಿಗೆ ಯಾರಾದರೂ ಬೇಕು. ಮಾಯಕ್ಕ ಒಲ್ಲೆ ಅಂದಿದ್ದಾಳೆ.